ದಾರಿಯ ನಕ್ಷೆಯಲ್ಲಿ ಕಬ್ಬಿನ ಗದ್ದೆ ಎಲ್ಲಿ?
(ಕಬ್ಬು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹೊಸದೊಂದು ಕೈಗಾರಿಕೆ ಬೆಳೆಸಬೇಕಾದರೆ ಸರ್ಕಾರದವರು ಮೊದಲು ‘ರೋಡ್‌ಮ್ಯಾಪ್’ ಬರೆಸುತ್ತಾರೆ. ದಾರಿಯ ನಕ್ಷೆ ಅಂತ. ಹೆಸರು ಕೇಳಿ ಹೆದರಬೇಡಿ. ಯುಗಾದಿಗೆ ಹೊಸಮನೆ ಹೊಕ್ಕಬೇಕು ಅಂದ್ಕೊಂಡವನು ಸೂರು ಯಾವಾಗ, ಗೋಡೆ ಯಾವಾಗ, ಪಾಯ ಯಾವಾಗ ಅಂತ ಹಿಂದಕ್ಕೆ ಎಣಿಸ್ತಾನಲ್ಲ, ಅದೇ ಕೆಲಸ. ಮೊದಲು ಗುರಿ, ಆಮೇಲೆ ಯಾವ ವರ್ಷ ಯಾವ ಯಂತ್ರ, ಎಷ್ಟು ಬಂಡವಾಳ.

ನಮಗೆ ಸಂಬಂಧಪಟ್ಟದ್ದು ಎಥನಾಲಿನ ನಕ್ಷೆ. 2021ರ ಜೂನ್‌ನಲ್ಲಿ ನೀತಿ ಆಯೋಗದಿಂದ ಬಂತು. ಪೆಟ್ರೋಲಿನಲ್ಲಿ 2022ಕ್ಕೆ ನೂರಕ್ಕೆ 10 ಪಾಲು, 2025ಕ್ಕೆ 20 ಪಾಲು ಎಥನಾಲ್. ಅದಕ್ಕೆ 1016 ಕೋಟಿ ಲೀಟರ್ ಬೇಕು, ಇಷ್ಟು ಡಿಸ್ಟಿಲರಿ ಬೇಕು, ಕಾರು ಬೈಕಿನ ಇಂಜಿನ್ ಯಾವಾಗ ಬದಲಾಗಬೇಕು, ಎಲ್ಲಾ ಇದೆ. ಸುಳ್ಳು ಹೇಳಬಾರದು, ಕೆಲಸ ನಡೆದಿದೆ. 10 ಪಾಲು 2022ರ ಜೂನ್‌ನಲ್ಲೇ ಮುಟ್ಟಿತು, 20 ಪಾಲು 2025ರಲ್ಲಿ. ಡಿಸ್ಟಿಲರಿ ಕಟ್ಟಿದವರ ಸಾಲದ ಬಡ್ಡಿಯಲ್ಲಿ ಸರ್ಕಾರವೇ ಪಾಲು ಹೊತ್ತಿತು. ನಮ್ಮ ಬೆಳೆಸಾಲಕ್ಕೆ ಆ ಧಾರಾಳ ಕಾಣೆ.

ಟನ್ ಕಬ್ಬಿನ ಹಾಲಿಗೆ 70 ಲೀಟರ್ ಎಥನಾಲ್, ಇದು ಆ ವರದಿಯದೇ ಲೆಕ್ಕ. 2024-25ರಲ್ಲಿ ಲೀಟರಿಗೆ 65 ರೂ. 61 ಪೈಸೆ. ಗುಣಿಸಿ ನೋಡಿ, 4592 ರೂಪಾಯಿ. ಅದೇ ವರ್ಷ ಕಬ್ಬಿಗೆ ಕೇಂದ್ರದ ದರ ಟನ್ನಿಗೆ 3400. ಅದೂ ಸಕ್ಕರೆ ಇಳುವರಿ ನೂರಕ್ಕೆ 10.25 ಬಂದರೆ. ಕಟಾವು, ಸಾಗಾಣಿಕೆ ಅದರಲ್ಲೇ ಮುರೀತಾರೆ. ಕಾರ್ಖಾನೆಯವರಿಗೂ ಖರ್ಚಿದೆ, ಇಲ್ಲ ಅನ್ನಲ್ಲ. ಅವರು ಕೇಳೋದು, ‘2022-23ರಿಂದ ಈ ಎಥನಾಲ್ ದರ ಕದಲಿಲ್ಲ, ಕಬ್ಬಿನ ದರ 3050ರಿಂದ ಏರಿದೆ, ಎಲ್ಲಿಂದ ತರೋಣ?’ ಆ ಮಾತೂ ನಿಜವೇ. ಎರಡು ದರಕ್ಕೂ ಗಂಟು ಹಾಕದೆ ನಕ್ಷೆ ಬರೆದರೆ ಹಿಂಗೇ ಆಗೋದು.

2023ರಲ್ಲಿ ಮಳೆ ಕೈಕೊಟ್ಟಿತು. ಸಕ್ಕರೆ ತುಟ್ಟಿಯಾದೀತು ಅಂತ ಡಿಸೆಂಬರ್ 7ರಂದು ಆದೇಶ ಬಂತು: ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬೇಡಿ. ವಾರ ಕಳೆದು ಸ್ವಲ್ಪ ಸಡಿಲ ಮಾಡಿದರು. ಅಷ್ಟರಲ್ಲಿ ಕಬ್ಬು ಗದ್ದೆಯಲ್ಲಿ ಆಳೆತ್ತರ ನಿಂತಿತ್ತು. ಹನ್ನೆರಡು ತಿಂಗಳ ಬೆಳೆಗೆ ಒಂದು ದಿನದ ಆದೇಶ! ಸೊಸೈಟಿಯ ಸಾಲದ ಕಂತು ದಿಲ್ಲಿಯ ಆದೇಶ ನೋಡಿ ಮುಂದಕ್ಕೆ ಹೋಗುತ್ತದೆಯೇ?

ನೀರಿನ ಮಾತೂ ಆ ವರದಿಯಲ್ಲಿದೆ. ಕಬ್ಬಿನ ಎಥನಾಲ್ ಲೀಟರಿಗೆ ಸುಮಾರು 2860 ಲೀಟರ್ ನೀರು. ಬೋರು ಕೊರೆಸಿದ ಸಾಲ ಮಾತ್ರ ನಮ್ಮ ಪಹಣಿಯಲ್ಲಿ.

20 ಪಾಲು ಆಯಿತು, ಮುಂದೇನು ಅನ್ನೋ ಮಾತು ಈಗ ನಡೆದಿದೆ. ಮುಂದಿನ ನಕ್ಷೆಯಲ್ಲಿ ಎರಡು ಸಾಲು ಬರಲೇಬೇಕು: ಲೀಟರಿಗೆ ಬೆಳೆಗಾರನ ಪಾಲು ಇಷ್ಟು, ನಡುವೆ ನಿಷೇಧ ಹಾಕಿದರೆ ನಷ್ಟ ತುಂಬುವವರು ಇಂಥವರು. ಬರುವ ತಾಲ್ಲೂಕು ಸಭೆಗೆ ಎಲ್ಲರೂ ಮೂರು ವರ್ಷದ ಕಾರ್ಖಾನೆ ರಸೀದಿ ತನ್ನಿ. ಅಲ್ಲೇ ಕೂತು ಲೆಕ್ಕ ಮಾಡಿ ಮನವಿ ಬರೆಯೋಣ.