ಸೋಮವಾರಪೇಟೆಯ ಸುನಿಲ್



ನಮ್ಮ ಆದವಾನಿ, ಆಲೂರಿನ ಕಡೆ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವುದು ಕ್ರಿಕೆಟ್ ಬ್ಯಾಟೇ. ಆದರೂ ಹಾಕಿ ಎಂದರೆ ಜೀವ ಬಿಡುವವರಿದ್ದಾರಲ್ಲ, ಅವರಿಗೆ ಭಾರತ ತಂಡದಲ್ಲಿ ಆಡಿದ ಎಸ್. ವಿ. ಸುನಿಲ್ ಹೆಸರು ಸಾಕು.

ಕೊಡಗಿನ ಸೋಮವಾರಪೇಟೆಯ ಬಡಗಿಯೊಬ್ಬರ ಮಗ. ಚೆಂಡು ಕೋಲಿಗೆ ಅಂಟಿಕೊಂಡಿದೆಯೇನೋ ಎಂಬಂತೆ ಮೈದಾನದ ಅಂಚಿನಲ್ಲಿ ಓಡುತ್ತಿದ್ದರು. 2009ರಲ್ಲಿ ಮಲೇಷ್ಯಾದಲ್ಲಿ ಅಜ್ಲಾನ್ ಷಾ ಕಪ್ ನಡೆಯುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಸುನಿಲ್ ತಂಡದೊಡನೆ ಉಳಿದು ಆಡಿದರು. ಭಾರತ ಕಪ್ ಗೆದ್ದಿತು. ಆ ಓಟದ ಸೊಬಗಿಗಿಂತ ಈ ಗಟ್ಟಿತನವೇ ನನಗೆ ದೊಡ್ಡದು. ಅಭಿಮಾನಿಯನ್ನು ಬದುಕಿನುದ್ದಕ್ಕೂ ಹಿಡಿದಿಡುವುದೂ ಇದೇ.

2014ರ ಇಂಚಿಯೋನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 2017ರಲ್ಲಿ ಅರ್ಜುನ ಪ್ರಶಸ್ತಿ. ಆದರೆ 2021ರಲ್ಲಿ, 41 ವರ್ಷಗಳ ಬಳಿಕ ಭಾರತ ಟೋಕಿಯೊದಲ್ಲಿ ಹಾಕಿಯ ಒಲಿಂಪಿಕ್ ಪದಕ ಗೆದ್ದಾಗ ಅವರು ತಂಡದಲ್ಲಿರಲಿಲ್ಲ. ಕಹಿ ಮಾತಾಡಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕಿರಿಯರಿಗೆ ಅವಕಾಶ ಸಿಗಲಿ ಎಂದು ನಿವೃತ್ತರಾದರು. ಭಾರತಕ್ಕಾಗಿ ಆಡಿದ್ದು 264 ಪಂದ್ಯ.

ಆಗಸ್ಟ್ 29, ಹಾಕಿ ಮಾಂತ್ರಿಕ ಧ್ಯಾನ್‌ಚಂದ್ ಹುಟ್ಟಿದ ದಿನ. ಆ ದಿನಕ್ಕಾದರೂ ನಿಮ್ಮ ಮನೆಯ ಮಗುವಿಗೆ ಒಂದು ಹಾಕಿ ಸ್ಟಿಕ್ ಕೊಡಿಸಿ, ಮೈದಾನಕ್ಕೆ ಕರೆದೊಯ್ಯಿರಿ.