ಲಾಳಿಕೆ ತುಂಬಿದರೆ ನೆಟ್ ನಿಲ್ಲುತ್ತದೆ

ಮಕ್ಕಳೇ, ದೊಡ್ಡದೊಂದು ಗೇಮ್ ಡೌನ್‌ಲೋಡ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಮನೆಯಲ್ಲಿ ಗಲಾಟೆ ಶುರುವಾಗುವುದು ನಿಮಗೆ ಗೊತ್ತಲ್ಲ? ವಿಡಿಯೊ ಕರೆಯಲ್ಲಿದ್ದ ಅಜ್ಜಿಯ ಮುಖ ಅರ್ಧ ನಗುವಿನಲ್ಲೇ ನಿಂತುಬಿಡುತ್ತದೆ. ಅಕ್ಕನ ಆನ್‌ಲೈನ್ ಕ್ಲಾಸಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. "ನೆಟ್ ಹೋಯ್ತು!" ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಆದರೆ ಫೋನಿನ ತುದಿಯಲ್ಲಿರುವ ವೈ-ಫೈ ಗುರುತು ನೋಡಿ, ಅದು ಇದ್ದಲ್ಲೇ ಇದೆ. ಹಾಗಾದರೆ ಹೋದದ್ದೇನು? ಬನ್ನಿ, ಒಟ್ಟಿಗೆ ಹುಡುಕೋಣ. ಒಂದು ಖಾಲಿ ಬಾಟಲಿ, ಅಡುಗೆಮನೆಯ ಲಾಳಿಕೆ, ಒಂದು ಚೊಂಬು ನೀರು, ಸ್ವಲ್ಪ ಶಾಯಿ ತನ್ನಿ. ಅಮ್ಮನನ್ನೋ ಅಪ್ಪನನ್ನೋ ಕೇಳಿಯೇ ತನ್ನಿ.

ಮೊದಲು ಒಂದು ಗುಟ್ಟು ಹೇಳುತ್ತೇನೆ. ಸಿನಿಮಾ ಆಗಲಿ, ಗೇಮ್ ಆಗಲಿ, ಇಂಟರ್ನೆಟ್‌ನಲ್ಲಿ ಇಡಿಯಾಗಿ ಬರುವುದಿಲ್ಲ. ಅದನ್ನು ಪುಟ್ಟ ಪುಟ್ಟ ತುಣುಕು ಮಾಡಿ ಕಳಿಸುತ್ತಾರೆ. ಈ ತುಣುಕಿಗೆ ಪ್ಯಾಕೆಟ್ ಎನ್ನುತ್ತಾರೆ. ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ ಸುಮಾರು 1500 ಬೈಟ್ ಹಿಡಿಸುತ್ತದೆ. ಒಂದು ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರಕ್ಕೆ ಬೇಕಾಗುವಷ್ಟು ಜಾಗ. ಒಂದೂವರೆ ಗಿಗಾಬೈಟ್‌ನ ಸಿನಿಮಾ ನಿಮ್ಮ ಮನೆಗೆ ಬಂದು ಸೇರಬೇಕಾದರೆ ಇಂಥ ಹತ್ತು ಲಕ್ಷ ತುಣುಕುಗಳು ಬರಬೇಕು. ನಿಮ್ಮ ಕಂಪ್ಯೂಟರ್ ಅವನ್ನೆಲ್ಲ ಸರಿಯಾದ ಕ್ರಮದಲ್ಲಿ ಮತ್ತೆ ಜೋಡಿಸುತ್ತದೆ. ಅಜ್ಜಿಯ ನಗುವೂ ಹಾಗೆಯೇ, ತುಣುಕು ತುಣುಕಾಗಿ ಬರುತ್ತದೆ.

ಈಗ ಲಾಳಿಕೆಯನ್ನು ಬಾಟಲಿಯ ಬಾಯಿಗೆ ಇಡಿ. ನಿಧಾನವಾಗಿ ನೀರು ಹೊಯ್ಯಿರಿ. ಹೊಯ್ದದ್ದೆಲ್ಲ ಸಲೀಸಾಗಿ ಇಳಿಯುತ್ತದೆ, ಲಾಳಿಕೆಯಲ್ಲಿ ಏನೂ ನಿಲ್ಲುವುದಿಲ್ಲ. ಇನ್ನು ಜೋರಾಗಿ ಹೊಯ್ಯಿರಿ. ಕೆಳಗಿನ ಕೊಳವೆ ಸಣ್ಣದು, ತನ್ನ ಶಕ್ತಿಗೆ ತಕ್ಕಷ್ಟನ್ನೇ ಬಿಡುತ್ತದೆ. ಉಳಿದ ನೀರು ಲಾಳಿಕೆಯಲ್ಲಿ ಏರುತ್ತದೆ. ಈಗ ಮೇಲೆ ಒಂದೇ ಒಂದು ಹನಿ ಶಾಯಿ ಬಿಡಿ. (ಅದು ಸ್ವಲ್ಪ ಹರಡುತ್ತದೆ, ಹರಡಲಿ.) ಆ ಬಣ್ಣ ಕೂಡಲೇ ಬಾಟಲಿಗೆ ಇಳಿಯಿತೇ? ಇಲ್ಲ. ತನಗಿಂತ ಮೊದಲು ತುಂಬಿಕೊಂಡ ನೀರೆಲ್ಲ ಇಳಿಯುವವರೆಗೆ ಅದು ಕಾಯಬೇಕು.

ನಿಮ್ಮ ಮನೆಗೆ ಬರುವ ಇಂಟರ್ನೆಟ್ ತಂತಿಯೇ ಆ ಸಣ್ಣ ಕೊಳವೆ. ಅದಕ್ಕೆ ಮುಂಚೆ ಪ್ಯಾಕೆಟ್‌ಗಳು ಕಾದು ನಿಲ್ಲುವ ಜಾಗವೊಂದಿದೆ, ಅದಕ್ಕೆ ಬಫರ್ ಎಂದು ಹೆಸರು. ಅದು ಲಾಳಿಕೆ. ಗೇಮ್‌ನ ಪ್ಯಾಕೆಟ್‌ಗಳು ಲಾಳಿಕೆಯನ್ನು ತುಂಬಿಬಿಟ್ಟಿವೆ. ಅಜ್ಜಿಯ ನಗು ಆ ಶಾಯಿಯ ಹನಿ. ಅದು ಬರುತ್ತಲೇ ಇದೆ, ಆದರೆ ತಡವಾಗಿ ಬರುತ್ತಿದೆ. ಕಾದು ಕಾದು ಸಾಕಾಗಿ ಫೋನು "ಸಂಪರ್ಕವಿಲ್ಲ" ಎಂದುಬಿಡುತ್ತದೆ. ನೋಡಿದಿರಾ? ನೆಟ್ ಎಲ್ಲಿಗೂ ಹೋಗಿರಲಿಲ್ಲ.

ಡೌನ್‌ಲೋಡ್ ಆಗುವಾಗ ಈ ಲಾಳಿಕೆ ಹೆಚ್ಚಾಗಿ ಇಂಟರ್ನೆಟ್ ಕೊಡುವ ಕಂಪನಿಯ ಕಡೆ ಇರುತ್ತದೆ. ನೀವು ಫೋಟೊಗಳನ್ನು ಮೇಲಕ್ಕೆ ಕಳಿಸುವಾಗ ಅದು ನಿಮ್ಮ ಮನೆಯ ವೈ-ಫೈ ಪೆಟ್ಟಿಗೆಯಾದ ರೂಟರ್‌ನೊಳಗೇ ಇರುತ್ತದೆ. ಇದರಲ್ಲೊಂದು ತಮಾಷೆಯಿದೆ. ಡೌನ್‌ಲೋಡ್ ಮಾಡುವಾಗಲೂ ನಿಮ್ಮ ಕಂಪ್ಯೂಟರ್ "ಬಂತು, ಬಂತು" ಎಂದು ಆ ಕಡೆಗೆ ಪುಟ್ಟ ಉತ್ತರಗಳನ್ನು ಕಳಿಸುತ್ತಿರುತ್ತದೆ. ಅದೇ ಹೊತ್ತಿಗೆ ಅಪ್ಪನ ಫೋನು ಊರಿನ ಜಾತ್ರೆಯ ಫೋಟೊಗಳನ್ನೆಲ್ಲ ಮೇಲೇರಿಸುತ್ತಿದ್ದರೆ ಈ "ಬಂತು"ಗಳು ಅವುಗಳ ಹಿಂದೆ ಸಿಕ್ಕಿಕೊಳ್ಳುತ್ತವೆ. ಉತ್ತರ ಬಾರದೆ ಆ ಕಡೆಯ ಕಂಪ್ಯೂಟರ್ ಕಳಿಸುವುದನ್ನೇ ತಡೆಹಿಡಿಯುತ್ತದೆ. ಯಾರೋ ಮೇಲಕ್ಕೆ ಕಳಿಸಿದ್ದರಿಂದ ನಿಮಗೆ ಕೆಳಕ್ಕೆ ಬರುವುದೂ ನಿಂತಿತು!

ಹಾಗಾದರೆ ದೊಡ್ಡ ಲಾಳಿಕೆ ಇಟ್ಟರೆ ಸರಿಹೋಗುತ್ತದೆ ಅಲ್ಲವೇ? ಬಹಳ ಜನ ಎಂಜಿನಿಯರುಗಳೂ ಹಾಗೇ ಅಂದುಕೊಂಡಿದ್ದರು. ಮೆಮೊರಿ ಚಿಪ್ಪುಗಳು ಅಗ್ಗವಾದ ಹಾಗೆಲ್ಲ ಬಫರ್‌ಗಳನ್ನು ದೊಡ್ಡದು ಮಾಡುತ್ತಾ ಹೋದರು. ನೀವೇ ಯೋಚಿಸಿ: ಲಾಳಿಕೆ ಎಷ್ಟು ದೊಡ್ಡದಾದರೂ ಕೊಳವೆ ಸಣ್ಣದೇ. ಬಾಟಲಿ ಬೇಗ ತುಂಬುವುದಿಲ್ಲ, ಶಾಯಿಯ ಹನಿ ಮಾತ್ರ ಇನ್ನೂ ಹೆಚ್ಚು ಕಾಯುತ್ತದೆ. 2010ರಲ್ಲಿ ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯಲ್ಲಿ ದೊಡ್ಡ ಫೈಲುಗಳನ್ನು ಕಳಿಸುವಾಗ ಮಿಕ್ಕ ಕೆಲಸಗಳೆಲ್ಲ ತೆವಳುವುದನ್ನು ಕಂಡರು. ಸುಮ್ಮನೆ ಬೈದುಕೊಂಡು ಬಿಡದೆ ಅಳೆದು ನೋಡಿದರು. ಒಂದು ಚಿಕ್ಕ ಪ್ಯಾಕೆಟ್ ಹೋಗಿ ಬರಲು ಒಂದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು! ಈ ಕಾಯಿಲೆಗೆ ಅವರು ಬಫರ್‌ಬ್ಲೋಟ್ ಎಂದು ಹೆಸರಿಟ್ಟರು, ಅಂದರೆ ಬಫರ್‌ನ ಹೊಟ್ಟೆಯುಬ್ಬರ.

ಕಳಿಸುವ ಕಂಪ್ಯೂಟರಿಗೆ ಜೋರಾಗಿ ಹೊಯ್ಯಬಾರದೆಂದು ಗೊತ್ತಿಲ್ಲವೇ? ಗೊತ್ತಿದೆ, ಅದು ಗೊತ್ತಾದ ಕಥೆಯೂ ಸೊಗಸಾಗಿದೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಅರ್ಧ ಕಿಲೋಮೀಟರೂ ಇಲ್ಲದಷ್ಟು ಹತ್ತಿರವಿದ್ದ ಒಂದು ಪ್ರಯೋಗಾಲಯ ಮತ್ತು ವಿಶ್ವವಿದ್ಯಾಲಯದ ನಡುವಿನ ನೆಟ್ ಇದ್ದಕ್ಕಿದ್ದಂತೆ ಕುಸಿಯಿತು. ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದಲ್ಲಿ ಬರೀ 40 ಬಿಟ್! ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ ಸೆಕೆಂಡಿಗೆ ಐದೇ ಅಕ್ಷರ. ಎಲ್ಲ ಕಂಪ್ಯೂಟರುಗಳೂ ಒಟ್ಟಿಗೇ ಸುರಿಯುತ್ತಿದ್ದವು. ಲಾಳಿಕೆ ತುಂಬಿ ಹೊರಗೆ ಚೆಲ್ಲಿಹೋದ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸುತ್ತಿದ್ದವು.

ಇದರ ಬೆನ್ನು ಹತ್ತಿದವರು ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕೇರಲ್ಸ್. ಅವರು ಕಂಪ್ಯೂಟರುಗಳಿಗೆ ಒಂದು ಒಳ್ಳೆಯ ನಡವಳಿಕೆ ಕಲಿಸಿದರು: ಸ್ವಲ್ಪದಿಂದ ಶುರುಮಾಡು, ಬರಬರುತ್ತ ಹೆಚ್ಚಿಸು, ಎಲ್ಲೋ ಒಂದು ಪ್ಯಾಕೆಟ್ ಚೆಲ್ಲಿತೆಂದು ಗೊತ್ತಾದ ಕೂಡಲೇ ಕೈ ಹಿಡಿ. ನೆಲಕ್ಕೆ ನೀರು ಬಿದ್ದದ್ದು ಕಂಡಾಗ ನೀವು ಚೊಂಬು ಎತ್ತಿ ಹಿಡಿಯುವುದಿಲ್ಲವೇ, ಹಾಗೆ. ಅಂದರೆ ಚೆಲ್ಲುವುದೇ ಇಲ್ಲಿ ಸೂಚನೆ. ಲಾಳಿಕೆ ವಿಪರೀತ ದೊಡ್ಡದಿದ್ದರೆ ಬೇಗ ಚೆಲ್ಲುವುದೇ ಇಲ್ಲ, ಸೂಚನೆ ಸಿಗುವುದೂ ಇಲ್ಲ. ಹೊಯ್ಯುವವರು ಹೊಯ್ಯುತ್ತಲೇ ಇರುತ್ತಾರೆ. ಕಾಯಿಲೆಯ ಬೇರು ಇಲ್ಲಿದೆ.

ಇನ್ನು ನಾವು ಪತ್ತೇದಾರರಾಗೋಣ. ನಮ್ಮ ಉಪಕರಣದ ಹೆಸರು ಪಿಂಗ್. 1983ರ ಡಿಸೆಂಬರ್‌ನಲ್ಲಿ ಮೈಕ್ ಮೂಸ್ ಎಂಬವರು ಬರೆದ ಪುಟ್ಟ ಪ್ರೋಗ್ರಾಂ ಅದು. ಜಲಾಂತರ್ಗಾಮಿಗಳನ್ನು ಹುಡುಕುವ ಸೋನಾರ್‌ನ ಸದ್ದಿನಿಂದ ಅದಕ್ಕೆ ಆ ಹೆಸರು ಬಂತು. ಅದು "ಇದ್ದೀಯಾ?" ಎಂದು ಕೇಳುತ್ತದೆ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಲೆಕ್ಕ ಮಿಲಿಸೆಕೆಂಡಿನಲ್ಲಿ. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡ್.

ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಯೂಟರಿನ ಕಮಾಂಡ್ ಕಿಟಕಿ ತೆರೆಯಿರಿ. ಮೊದಲು ನಿಮ್ಮ ರೂಟರ್‌ಗೆ ಪಿಂಗ್ ಮಾಡಿ. ಬಹಳ ಮನೆಗಳಲ್ಲಿ ಅದರ ವಿಳಾಸ 192.168.1.1, ನಿಮ್ಮದು ಬೇರೆ ಇದ್ದರೆ ರೂಟರ್‌ನ ಬೆನ್ನಿನ ಚೀಟಿಯಲ್ಲಿ ಬರೆದಿರುತ್ತದೆ. ಆಮೇಲೆ ಮನೆಯಿಂದ ಹೊರಗಿನ 8.8.8.8ಕ್ಕೆ ಮಾಡಿ, ಅದು ಗೂಗಲ್‌ನ ಯಂತ್ರಗಳ ವಿಳಾಸ. ಯಾರೂ ಡೌನ್‌ಲೋಡ್ ಮಾಡದಿರುವಾಗ ಒಮ್ಮೆ, ಜೋರು ಡೌನ್‌ಲೋಡ್ ನಡೆಯುವಾಗ ಇನ್ನೊಮ್ಮೆ. ಸಿಕ್ಕ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಆ ಸಂಖ್ಯೆಗಳನ್ನು ಓದುವುದರಲ್ಲೇ ಖುಷಿ ಇರುವುದು. ದೂರದ ಊರುಗಳಿಗೆ ಪ್ಯಾಕೆಟ್‌ಗಳು ಹೆಚ್ಚಾಗಿ ಗಾಜಿನ ಎಳೆಯೊಳಗೆ ಬೆಳಕಾಗಿ ಹೋಗುತ್ತವೆ. ಆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ಸುಮಾರು 1000 ಕಿಲೋಮೀಟರ್ ಎಂದುಕೊಂಡರೆ ಹೋಗಲು 5 ಮಿಲಿಸೆಕೆಂಡ್, ಬರಲು 5. ನಿಮ್ಮ ಪಿಂಗ್ 800 ತೋರಿಸಿದರೆ ಮಿಕ್ಕ ಹೊತ್ತೆಲ್ಲ ಎಲ್ಲಿ ಕಳೆಯಿತು? ದಾರಿ ನಡೆಯುವುದರಲ್ಲಲ್ಲ, ಲಾಳಿಕೆಯಲ್ಲಿ ಕಾಯುವುದರಲ್ಲಿ.

ರೂಟರ್ ಬೇಗ ಉತ್ತರಿಸಿ, ಹೊರಗಿನದು ಮಾತ್ರ ಡೌನ್‌ಲೋಡ್ ಹೊತ್ತಿನಲ್ಲಿ ನಿಧಾನವಾದರೆ ಅದು ನಮ್ಮ ಲಾಳಿಕೆಯ ಕಾಯಿಲೆ. ಡೌನ್‌ಲೋಡ್ ಮಾಡುವ ಪ್ರೋಗ್ರಾಂನಲ್ಲಿ ವೇಗದ ಮಿತಿ ಹಾಕುವ ಅವಕಾಶವಿದೆಯೇ ಹುಡುಕಿ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸಂಪರ್ಕದಲ್ಲಿ ಎಲ್ಲ ಸರಿಯಿದ್ದರೆ ಸೆಕೆಂಡಿಗೆ 12.5 ಮೆಗಾಬೈಟ್ ಬರುತ್ತದೆ, ಮಿತಿಯನ್ನು 10ಕ್ಕೆ ಇಟ್ಟರೆ ಅಜ್ಜಿಗೂ ಜಾಗ ಉಳಿಯುತ್ತದೆ. ಕೆಲವು ರೂಟರ್‌ಗಳಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಎಂಬ ಆಯ್ಕೆ ಇರುತ್ತದೆ, ಅದು ಇದೇ ಕೆಲಸವನ್ನು ಇಡೀ ಮನೆಗೆ ಮಾಡುತ್ತದೆ. ಬೇರೇನೂ ಆಗದಿದ್ದರೆ ಎಲ್ಲರೂ ಮಲಗಿದ ಮೇಲೆ ಡೌನ್‌ಲೋಡ್‌ಗೆ ಹಾಕಿ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಒಳ್ಳೆಯ ಔಷಧ, ಕಾಸೂ ಖರ್ಚಿಲ್ಲ.

ರೂಟರ್‌ನ ಉತ್ತರವೇ ತಡವಾದರೆ ತೊಂದರೆ ವೈ-ಫೈಯಲ್ಲಿ ಇರಬಹುದು. 2.4 ಗಿಗಾಹರ್ಟ್ಸ್‌ನ ವೈ-ಫೈ ಮತ್ತು ಮೈಕ್ರೋವೇವ್ ಒಲೆ ಹೆಚ್ಚುಕಡಿಮೆ ಒಂದೇ ಬಗೆಯ ಅಲೆಗಳನ್ನು ಬಳಸುತ್ತವೆ, ಪಕ್ಕದ ಮನೆಗಳ ರೂಟರ್‌ಗಳೂ ಅಲ್ಲೇ ಇರುತ್ತವೆ. 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ, ಆದರೆ ಅದಕ್ಕೆ ಗೋಡೆ ದಾಟುವುದು ಕಷ್ಟ. ಕಂಪ್ಯೂಟರಿಗೆ ನೇರವಾಗಿ ತಂತಿ ಹಾಕಿದಾಗ ಎಲ್ಲ ಸರಿಯಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ರೂಟರ್‌ನ ದೀಪಗಳೆಲ್ಲ ಆರಿ ಮತ್ತೆ ಹತ್ತಿದರೆ ಅದು ಬೇರೆ ಕಥೆ, ಅಲ್ಲಿ ನೆಟ್ ನಿಜವಾಗಿಯೇ ಹೋಯಿತು. ಅಡಾಪ್ಟರ್ ಸೋತಿರಬಹುದು, ಇಲ್ಲವೇ ಪೆಟ್ಟಿಗೆ ಬಿಸಿಯಾಗಿರಬಹುದು. ದೂಳು ಕೂರದಿರಲೆಂದು ರೂಟರ್‌ಗೆ ಕಸೂತಿ ಬಟ್ಟೆ ಹೊದಿಸುವ ಮನೆಗಳಿವೆ. ಪ್ರೀತಿಯೇನೋ ಸರಿ, ಆದರೆ ಪಾಪ, ಅದಕ್ಕೆ ಸೆಕೆ! ಬಟ್ಟೆ ತೆಗೆದು ಗಾಳಿಯಾಡುವಲ್ಲಿ ಇಡಿ. ಫೈಬರ್ ಸಂಪರ್ಕದ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆ ತೆಳುವಾದ ಎಳೆ ಎಲ್ಲಾದರೂ ತೀರಾ ಮಡಚಿಕೊಂಡಿದೆಯೇ ನೋಡಿ. ಆದರೆ ಬಿಚ್ಚಬೇಡಿ, ಅದರ ತುದಿಗೆ ಕಣ್ಣಿಟ್ಟು ನೋಡಲೇಬೇಡಿ. ಅದರಲ್ಲಿ ಬರುವ ಬೆಳಕು ನಮಗೆ ಕಾಣಿಸುವುದಿಲ್ಲ, ಕಣ್ಣಿಗೆ ಮಾತ್ರ ಕೆಟ್ಟದ್ದು.

ಇನ್ನೊಂದು ಮಾತು. ರೂಟರ್‌ನ ಹಿಂದೆ ಸೂಜಿ ಹಿಡಿಸುವಷ್ಟು ಪುಟ್ಟ ತೂತು ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಒಳಗಿನ ಪಾಸ್‌ವರ್ಡು, ಹೆಸರು ಎಲ್ಲ ಅಳಿಸಿಹೋಗುತ್ತವೆ, ಅದರ ತಂಟೆಗೆ ಹೋಗಬೇಡಿ. ಕಂಪನಿಗೆ ಫೋನ್ ಮಾಡಬೇಕಾಗಿ ಬಂದರೆ ಬರೀ "ನೆಟ್ ಬರ್ತಿಲ್ಲ" ಎನ್ನಬೇಡಿ. ನೋಟ್‌ಬುಕ್ ತೆರೆದು, ಯಾವ ಹೊತ್ತಿನಲ್ಲಿ ರೂಟರ್ ಎಷ್ಟು ಮಿಲಿಸೆಕೆಂಡಿಗೆ ಉತ್ತರಿಸಿತು, ಹೊರಗಿನದು ಎಷ್ಟಕ್ಕೆ, ಯಾವ ದೀಪ ಕೆಂಪಾಗಿತ್ತು ಎಂದು ಓದಿ ಹೇಳಿ. ರಿಪೇರಿಗೆ ಬರುವ ಅಣ್ಣನ ಅರ್ಧ ಕೆಲಸ ಅಷ್ಟರಲ್ಲೇ ಮುಗಿದಿರುತ್ತದೆ.