ತಂತಿಗೂ ದಿಕ್ಕುಂಟು

ರೇಡಿಯೊ ಕೆಟ್ಟಿದೆ, ಗೊರಗೊರ ಎನ್ನುವುದೇ ಹೊರತು ಮಾತು ತಿಳಿಯುವುದಿಲ್ಲ ಎಂದು ಬಸರಾಳಿನ ಹಿರಿಯರು ನನ್ನೊಡನೆ ಹೇಳಿಕೊಳ್ಳುವುದುಂಟು. ಪೆಟ್ಟಿಗೆ ಅಟ್ಟ ಸೇರುತ್ತದೆ. ಅದರೊಡನೆ ವಾರ್ತೆ, ನಾಟಕ, ಸುಗಮ ಸಂಗೀತಗಳೂ ಆ ಮನೆಗೆ ದೂರವಾಗುತ್ತವೆ. ಹಲವು ಸಲ ಕೆಟ್ಟಿರುವುದು ಪೆಟ್ಟಿಗೆಯಲ್ಲ, ಅದನ್ನು ಇಟ್ಟಿರುವ ಜಾಗ.

ಆಕಾಶವಾಣಿ ಎಂಬ ಹೆಸರಿನಿಂದ ಮೈಸೂರಿನಲ್ಲಿ 1935ರಲ್ಲೇ ಪ್ರಸಾರ ಆರಂಭಿಸಿದವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು. ನಮ್ಮ ಊರಿಗೆ ಆ ಮೈಸೂರು ದಕ್ಷಿಣದ ಕಡೆಗಿದೆ, ಬೆಂಗಳೂರು ಪೂರ್ವದ ಕಡೆಗಿದೆ. ಈ ಎರಡು ದಿಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರು ನಿಲಯವು ಮಧ್ಯಮ ತರಂಗದ 612 ಕಿಲೋಹರ್ಟ್ಸ್‌ನಿಂದ ನಾಡಿಗೆ ಪರಿಚಿತವಾಯಿತು. ಆ ಅಲೆಯ ಉದ್ದ ಸುಮಾರು 490 ಮೀಟರು. ಅಷ್ಟು ದೊಡ್ಡ ಅಲೆಯನ್ನು ಟ್ರಾನ್ಸಿಸ್ಟರಿನೊಳಗೆ ಅಡಗಿರುವ, ತಂತಿ ಸುತ್ತಿದ ಒಂದು ಕರಿಯ ಕಡ್ಡಿ ಹಿಡಿಯುತ್ತದೆ. ಕಡ್ಡಿಯ ತುದಿ ನಿಲಯದತ್ತ ತಿರುಗಿದ್ದರೆ ದನಿ ಕುಗ್ಗುತ್ತದೆ, ಕಡ್ಡಿ ಅಡ್ಡಲಾದರೆ ಏರುತ್ತದೆ. ಆದುದರಿಂದ ಮೇಲಿನ ಕಂಬಿಯನ್ನು ಎಳೆದಾಡಿ ಫಲವಿಲ್ಲ. ಪೆಟ್ಟಿಗೆಯನ್ನೇ ಮೆಲ್ಲನೆ ತಿರುಗಿಸಬೇಕು.

ಎಫ್.ಎಂ.ನ ರೀತಿಯೇ ಬೇರೆ. ಮೈಸೂರು ನಿಲಯದ 100.6 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರಿಗೆ ತುಸು ಕಡಿಮೆ. ಇದಕ್ಕೆ ಕಂಬಿ ಬೇಕು, ತಂತಿಯಾದರೆ ಇನ್ನೂ ಒಳ್ಳೆಯದು. ಸುಮಾರು 28 ಅಂಗುಲದ ಎರಡು ತಂತಿಗಳನ್ನು ಒಂದೇ ಗೆರೆಯಲ್ಲಿ, ಒಂದಕ್ಕೊಂದು ತಾಗದಂತೆ ಒಣ ಬಿದಿರಿಗೆ ಕಟ್ಟಿ, ನಡುವಿನ ಎರಡು ತುದಿಗಳಿಂದ ಜೋಡಿ ತಂತಿಯನ್ನು ಇಳಿಸಿ, ಏರಿಯಲ್ ರಂಧ್ರವಿರುವ ಪೆಟ್ಟಿಗೆಗೆ ಸೇರಿಸಿದರಾಯಿತು. ಎರಡೂ ಸೇರಿ ಅಲೆಯ ಸರಿಸುಮಾರು ಅರ್ಧ ಉದ್ದವಾಗುತ್ತದೆ. ತಂತಿ ಆ ಅಲೆಗೆ ಚೆನ್ನಾಗಿ ಮಿಡಿಯುತ್ತದೆ. ಮೈಸೂರು ದಕ್ಷಿಣಕ್ಕಿರುವುದರಿಂದ ಮಲಗಿಸಿದ ಬಿದಿರು ಪೂರ್ವ ಪಶ್ಚಿಮವಾಗಿರಲಿ. ಕೆಲವೊಮ್ಮೆ ಬಿದಿರನ್ನು ನೆಟ್ಟಗೆ ನಿಲ್ಲಿಸಿದಾಗಲೇ ದನಿ ತಿಳಿಯಾಗುವುದುಂಟು. ಎರಡನ್ನೂ ಮಾಡಿ ನೋಡಬೇಕು, ಕಿವಿಯೇ ಇಲ್ಲಿ ತೀರ್ಪುಗಾರ.

ಎಲ್ಲಕ್ಕಿಂತ ಮುಖ್ಯವಾದುದು ಎತ್ತರ. ನಾಡಹೆಂಚಿನ ಮನೆಯೊಳಗೆ ನಿರಾಯಾಸವಾಗಿ ಬರುತ್ತಿದ್ದ ದನಿ, ಕಬ್ಬಿಣ ಹೆಣೆದ ಕಾಂಕ್ರೀಟ್ ತಾರಸಿಯ ಕೆಳಗೆ ಸೊರಗುತ್ತದೆ. ತಗಡಿನ ಸೂರೂ ಅಷ್ಟೇ. ಇದರ ಜೊತೆಗೆ ಪಂಪ್‌ಸೆಟ್ಟು, ಮೊಬೈಲ್ ಚಾರ್ಜರು, ಅಗ್ಗದ ಎಲ್.ಇ.ಡಿ. ದೀಪಗಳ ಗದ್ದಲವಿದೆ. ಒಂದೊಂದನ್ನಾಗಿ ಆರಿಸುತ್ತ ಹೋದರೆ ಕಳ್ಳ ಸಿಕ್ಕುತ್ತಾನೆ. ಬೂಸ್ಟರ್ ತಂದರೆ ಸಾಕೆಂಬ ನಂಬಿಕೆ ನನಗಿಲ್ಲ. ಏರಿಯಲ್ ಹಿಡಿಯದ ದನಿಯನ್ನು ಬೂಸ್ಟರ್ ಹುಟ್ಟಿಸಲಾರದು; ಗದ್ದಲವನ್ನೂ ಮಾತಿನೊಡನೆ ಸಮವಾಗಿ ಹಿಗ್ಗಿಸುತ್ತದೆ.

1981ರ ನವೆಂಬರಿನಲ್ಲಿ ಬೆಂಗಳೂರಿಗೆ ದೂರದರ್ಶನ ಬಂದ ಮೇಲೆ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂಥ ಏರಿಯಲ್‌ಗಳು ಎದ್ದುವು. 1926ರಲ್ಲಿ ಜಪಾನಿನ ಉಡ ಮತ್ತು ಯಾಗಿ ಎಂಬವರು ಲೋಕಕ್ಕೆ ತಿಳಿಸಿದ ರಚನೆಯದು. ಒಂದು ಕಡ್ಡಿ ಅಲೆಯನ್ನು ಹಿಡಿಯುತ್ತದೆ, ಹಿಂದಿನದು ಮರಳಿಸುತ್ತದೆ, ಮುಂದಿನವು ಅದರತ್ತ ನಡೆಸುತ್ತವೆ. ಆ ಪ್ರಸಾರ ಈಗ ನಿಂತಿದ್ದರೂ ದೂರದ ಎಫ್.ಎಂ. ಹಿಡಿಯಲು ಆ ಆಕಾರ ಇಂದಿಗೂ ಸಲ್ಲುತ್ತದೆ.

ಇಂದು ಆ ಜಾಗದಲ್ಲಿ ಡಿಶ್ ಬಂದಿದೆ. ದೂರದರ್ಶನದ ಉಚಿತ ಡಿಶ್ ಸೇವೆಯ ಉಪಗ್ರಹ ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮೂರಿಗೆ ಅದು ಆಗ್ನೇಯದ ಆಕಾಶದಲ್ಲಿ, ಸುಮಾರು 65 ಡಿಗ್ರಿ ಎತ್ತರದಲ್ಲಿ ಬೀಳುತ್ತದೆ. ಡಿಶ್ ಹಾಕಿಸಿದ ದಿನ ಚಿಕ್ಕದಾಗಿದ್ದ ತೆಂಗು ಬೆಳೆದು ಆ ಕಡೆಗೆ ಗರಿ ಚಾಚಿದರೆ ಚಿತ್ರ ಒಡೆಯುತ್ತದೆ. ಮರ ಕಡಿಯುವ ಮಾತೇಕೆ? ಡಿಶ್ಶನ್ನೇ ನಾಲ್ಕಡಿ ಸರಿಸಬಹುದು.

ಕೊನೆಗೊಂದು ಮಾತು, ಇದು ಜೀವದ ಪ್ರಶ್ನೆ. ಬಿದಿರಾಗಲಿ ಪೈಪಾಗಲಿ, ಜಾರಿ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿರಬೇಕು. ಲೋಹದ ಕಂಬವಾದರೆ ತಿಳಿದವರಿಂದ ಅರ್ಥಿಂಗ್ ಮಾಡಿಸಿ. ಗುಡುಗು ಕೇಳಿಸಿದ ಮೇಲೆ ಏರಿಯಲ್ಲಿನ ತಂತಿಯನ್ನು ಮುಟ್ಟಬೇಡಿ. ಮೋಡ ಕವಿಯುವುದಕ್ಕೆ ಮುಂಚೆಯೇ ಅದನ್ನು ಪೆಟ್ಟಿಗೆಯಿಂದ ಕಳಚಿಡಿ.